ರೈಲ್ ಪ್ರೆಶರ್ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ: ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ಹುಡುಕುವ ಕ್ರಮ

ಗಾಡಿ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅಥವಾ ಸ್ಟಾರ್ಟ್ ಆಗಿ ಊರೊಳಗೆ ಚೆನ್ನಾಗಿಯೇ ಓಡುತ್ತದೆ, ಏರು ಬಂದ ಕೂಡಲೇ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡು ಪಿಕಪ್ ಸತ್ತುಹೋಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0087 ಎಂದು ತೋರಿಸುತ್ತದೆ. ಅಂದರೆ ರೈಲ್ ಪ್ರೆಶರ್ ಕಡಿಮೆ. ರೈಲ್ ಎಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕಡೆಯಿಂದ ಡೀಸೆಲ್ ಹಂಚುವ ಕೊಳವೆ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಪಂಪ್ ಹೋಗಿದೆ, ಬಿಚ್ಚಬೇಕು." ಹತ್ತಾರು ಸಾವಿರ ಸುರಿದು ಪಂಪ್ ಬದಲಾಯಿಸಿದ ಮೇಲೂ ಅದೇ ಕೋಡ್ ಬಂದಾಗ ಇಂಜೆಕ್ಟರ್ ಮೇಲೆ ಅನುಮಾನ, ಆಮೇಲೆ ವೈರಿಂಗ್ ಮೇಲೆ. ಕೊನೆಗೆ ಸಿಗುವುದು ನಾಲ್ಕು ನೂರು ರೂಪಾಯಿಯ ಫಿಲ್ಟರೋ, ಬಿರುಕು ಬಿಟ್ಟ ರಬ್ಬರ್ ಪೈಪೋ ಆಗಿದ್ದರೆ ಗಾಡಿಯವರ ಸಂಕಟ ಹೇಳತೀರದು.

ಆ ಕೋಡ್ ಹೇಳುವುದು ಪ್ರೆಶರ್ ಇಲ್ಲ ಎಂಬುದನ್ನು ಮಾತ್ರ. ಅದನ್ನು ಯಾರು ಕಳೆದರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕಂಡುಹಿಡಿಯಲು ಪ್ರೆಶರ್ ಹೇಗೆ ನಿಲ್ಲುತ್ತದೆ ಎಂಬುದು ಮೊದಲು ತಲೆಯಲ್ಲಿ ಕೂರಬೇಕು.

ಒಳಹರಿವು, ಹೊರಹರಿವು

ಮಂಡ್ಯ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಕೆಆರ್‌ಎಸ್ ಲೆಕ್ಕ ನೋಡುತ್ತೇವೆ. ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಮಟ್ಟ ಇಷ್ಟು ಅಡಿ. ರೈಲ್ ಅಂಥದ್ದೇ ಒಂದು ಕಟ್ಟೆ. ಅದರ ಮಟ್ಟವೇ ಪ್ರೆಶರ್. ಒಳಹರಿವು ಬರುವುದು ಹೈ ಪ್ರೆಶರ್ ಪಂಪಿನಿಂದ. ಹೊರಹರಿವಿಗೆ ಮೂರು ದಾರಿ: ಸಿಲಿಂಡರಿನೊಳಗೆ ಸಿಂಪಡಿಸುವ ಡೀಸೆಲ್, ಇಂಜೆಕ್ಟರಿನ ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುವ ಡೀಸೆಲ್, ಪ್ರೆಶರ್ ಕಂಟ್ರೋಲ್ ವಾಲ್ವ್ ಅಥವಾ ಲಿಮಿಟರ್ ವಾಲ್ವ್ ಮೂಲಕ ಟ್ಯಾಂಕಿಗೆ ಮರಳುವ ಡೀಸೆಲ್. ಮಟ್ಟ ಇಳಿದಿದೆ ಎಂದರೆ ಒಳಹರಿವು ಸಾಲುತ್ತಿಲ್ಲ, ಇಲ್ಲವೇ ಯಾವುದೋ ತೂಬು ಸರಿಯಾಗಿ ಮುಚ್ಚಿಕೊಂಡಿಲ್ಲ. ಮೂರನೆಯದೂ ಒಂದಿದೆ: ಮಟ್ಟ ಸರಿಯಾಗಿಯೇ ಇದ್ದು, ಅಳತೆ ಪಟ್ಟಿ ಸುಳ್ಳು ಹೇಳುತ್ತಿರುವುದು, ಅಂದರೆ ಸೆನ್ಸರ್ ತಪ್ಪು. ಎಲ್ಲ ಹುಡುಕಾಟವೂ ಈ ಮೂರರೊಳಗೇ ಮುಗಿಯುತ್ತದೆ.

ಅಣೆಕಟ್ಟೆಗೂ ರೈಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೈಲ್ ತುಂಬ ಚಿಕ್ಕದು. ಸಣ್ಣ ಕಾರಿನ ಎಂಜಿನ್ನಿನಲ್ಲಿ ಅದರೊಳಗೆ ಹಿಡಿಯುವುದು ಸುಮಾರು 20 ಸಿಸಿ ಡೀಸೆಲ್, ನಾಲ್ಕು ಟೀ ಚಮಚದಷ್ಟು. ಡೀಸೆಲ್ ಒತ್ತಿದರೆ ಕುಗ್ಗುತ್ತದೆ, ಆದರೆ ತುಂಬ ಸ್ವಲ್ಪ. 20 ಸಿಸಿ ರೈಲಿನಲ್ಲಿ ಪ್ರೆಶರನ್ನು 100 ಬಾರ್ (ಬಾರ್ ಎಂದರೆ ಪ್ರೆಶರ್ ಅಳೆಯುವ ಮಾನ) ಏರಿಸಲು ಹೆಚ್ಚುವರಿಯಾಗಿ ತುಂಬಬೇಕಾದದ್ದು ಸುಮಾರು 0.14 ಸಿಸಿ ಮಾತ್ರ, ಅಂದರೆ 140 ಘನ ಮಿಲಿಮೀಟರ್. ಪೂರ್ತಿ ಲೋಡಿನಲ್ಲಿ ಒಂದು ಇಂಜೆಕ್ಟರ್ ಒಮ್ಮೆ ಸಿಂಪಡಿಸುವುದು 50 ಘನ ಮಿಲಿಮೀಟರ್ ಆಸುಪಾಸು. ಪಂಪ್ ಆ ಕ್ಷಣ ಏನೂ ತುಂಬದಿದ್ದರೆ ಒಂದೇ ಇಂಜೆಕ್ಷನ್‌ಗೆ ಪ್ರೆಶರ್ 35 ಬಾರ್‌ನಷ್ಟು ಕುಸಿಯುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೇರಿ ಸೆಕೆಂಡಿಗೆ 100 ಮುಖ್ಯ ಇಂಜೆಕ್ಷನ್. ಹಾಗಾಗಿ ಒಳಹರಿವು ಅರೆಕ್ಷಣ ತಡವರಿಸಿದರೂ ಗಾಡಿ ಎಳೆದೆಳೆದು ಓಡುತ್ತದೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಬಂದರೂ ಇಷ್ಟೆಲ್ಲ ರಗಳೆ ಯಾಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಎಷ್ಟು ಪ್ರೆಶರ್ ಇರಬೇಕು? ಐಡಲ್‌ನಲ್ಲಿ ಹೆಚ್ಚಿನ ಗಾಡಿಗಳಲ್ಲಿ 250ರಿಂದ 350 ಬಾರ್. ಪೂರ್ತಿ ಲೋಡಿನಲ್ಲಿ ಮೊದಲ ತಲೆಮಾರಿನವು 1350 ಬಾರ್, ಆಮೇಲಿನವು 1600, ಈಚಿನವು 1800ರಿಂದ 2000, ಕೆಲವು ಅದಕ್ಕೂ ಮೇಲೆ. ಸ್ಟಾರ್ಟ್ ಆಗಲು ಸೆಲ್ಫ್ ಹೊಡೆಯುವಾಗಲೇ ಸುಮಾರು 200 ಬಾರ್ ಮುಟ್ಟಬೇಕು. ಕೆಲವು ಗಾಡಿಗಳಿಗೆ 150 ಸಾಕು, ಕೆಲವಕ್ಕೆ 250 ಬೇಕು. ಅಷ್ಟು ಮುಟ್ಟದಿದ್ದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಂಜೆಕ್ಟರ್ ತೆರೆಯುವುದೇ ಇಲ್ಲ. ಆಗ ಹೊಗೆಯೂ ಬರುವುದಿಲ್ಲ, ಡೀಸೆಲ್ ವಾಸನೆಯೂ ಬರುವುದಿಲ್ಲ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತಿದ್ದರೆ ಇಂಜೆಕ್ಟರ್ ತೆರೆಯುತ್ತಿದೆ ಎಂದರ್ಥ. ಆಗ ಹುಡುಕಾಟ ಗ್ಲೋ ಪ್ಲಗ್, ಕಂಪ್ರೆಶನ್ ಕಡೆ ಹೋಗಬೇಕು, ರೈಲ್ ಕಡೆಗಲ್ಲ.

ಹಿಡಿತ ಮೂರು ಬಗೆ

ನಿಮ್ಮ ಗಾಡಿಯಲ್ಲಿ ಯಾವ ಬಗೆಯ ಹಿಡಿತ ಇದೆ ಎಂದು ಮೊದಲೇ ತಿಳಿದುಕೊಳ್ಳಬೇಕು. ಒಂದು ಬಗೆಯ ಪರೀಕ್ಷೆಯನ್ನು ಇನ್ನೊಂದಕ್ಕೆ ಮಾಡಿದರೆ ಉತ್ತರ ಉಲ್ಟಾ ಬರುತ್ತದೆ.

ಹಳೆಯದು ಹೊರಹರಿವಿನ ಹಿಡಿತ. ಬಾಷ್ ಸಿಪಿ1 ಪಂಪ್ ಇರುವ ಮೊದಮೊದಲಿನ ಸಿಆರ್‌ಡಿಐ (ಕಾಮನ್ ರೈಲ್) ಗಾಡಿಗಳಲ್ಲಿ ಹೀಗಿತ್ತು. ಪಂಪ್ ತನ್ನ ಪೂರ್ತಿ ಶಕ್ತಿಯಲ್ಲಿ ತುಂಬುತ್ತಲೇ ಇರುತ್ತದೆ, ಪಂಪಿನ ಮೇಲೆಯೋ ರೈಲಿನ ತುದಿಯಲ್ಲೋ ಇರುವ ಪ್ರೆಶರ್ ಕಂಟ್ರೋಲ್ ವಾಲ್ವ್ ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ಈ ವಾಲ್ವಿನೊಳಗೆ ಒಂದು ಸ್ಪ್ರಿಂಗ್, ಒಂದು ಕಾಯಿಲ್. ಕರೆಂಟ್ ಇಲ್ಲದಿದ್ದರೆ ಸ್ಪ್ರಿಂಗ್ ತಡೆಯುವುದು ಸುಮಾರು 100 ಬಾರ್ ಮಾತ್ರ. ಕಾಯಿಲ್‌ಗೆ ಸೆಕೆಂಡಿಗೆ ಸುಮಾರು 1000 ಸಲ ಬಿಟ್ಟು ಹಿಡಿದು ಕರೆಂಟ್ ಕೊಟ್ಟು, ಆ ಕರೆಂಟಿನ ಪಾಲು ಏರಿಸಿದಷ್ಟೂ ಪ್ರೆಶರ್ ಏರುತ್ತದೆ. ಇದರ ಕಪ್ಲರ್ ಕಿತ್ತರೆ ಪ್ರೆಶರ್ ಏರುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಈ ಪದ್ಧತಿಯ ಕೊರತೆಯೂ ಸ್ಪಷ್ಟ: ಸಾವಿರ ಬಾರ್‌ಗೆ ಒತ್ತಿದ ಡೀಸೆಲ್ ಸುಮ್ಮನೆ ಟ್ಯಾಂಕಿಗೆ ಮರಳುತ್ತದೆ. ಒತ್ತಲು ಎಂಜಿನ್ ಪಟ್ಟ ಶ್ರಮವೆಲ್ಲ ಬಿಸಿಯಾಗಿ ಹೋಗುತ್ತದೆ.

ಎರಡನೆಯದು ಒಳಹರಿವಿನ ಹಿಡಿತ. ಬಾಷ್ ಸಿಪಿ3, ಡೆನ್ಸೋ ಎಚ್‌ಪಿ3, ಡೆಲ್ಫಿ ಪಂಪುಗಳಲ್ಲಿ ಪಂಪಿನ ಬಾಯಲ್ಲೇ ಒಂದು ಮೀಟರಿಂಗ್ ವಾಲ್ವ್ ಇರುತ್ತದೆ. ಬಾಷ್‌ನವರದ್ದಕ್ಕೆ ಎಂಪ್ರಾಪ್, ಡೆನ್ಸೋದವರದ್ದಕ್ಕೆ ಎಸ್‌ಸಿವಿ, ಡೆಲ್ಫಿಯವರದ್ದಕ್ಕೆ ಐಎಂವಿ ಎನ್ನುತ್ತಾರೆ. ಕೆಲಸ ಒಂದೇ: ಬೇಕಾದಷ್ಟು ಡೀಸೆಲನ್ನು ಮಾತ್ರ ಅದನ್ನು ಒತ್ತುವ ಪ್ಲಂಜರಿಗೆ ಬಿಡುವುದು. ನಾಲೆಯ ತೂಬಿನಲ್ಲೇ ಅಳೆದು ಬಿಟ್ಟ ಹಾಗೆ. ಬಾಷ್, ಡೆಲ್ಫಿ ವಾಲ್ವುಗಳು ಕರೆಂಟ್ ಇಲ್ಲದಿದ್ದರೆ ಪೂರ್ತಿ ತೆರೆದಿರುತ್ತವೆ. ಅವುಗಳ ಕಪ್ಲರ್ ಕಿತ್ತರೆ ಪ್ರೆಶರ್ ಬೀಳುವ ಬದಲು ಮೇಲಕ್ಕೇರುತ್ತದೆ. ಡೆನ್ಸೋದಲ್ಲಿ ತೆರೆದಿರುವ ಬಗೆಯೂ ಇದೆ, ಮುಚ್ಚಿರುವ ಬಗೆಯೂ ಇದೆ. ಹೊಸದು ತರುವಾಗ ಹಳೆಯದರ ನಂಬರ್ ನೋಡದೆ ತಂದರೆ ಕೆಟ್ಟಿತು. ಈ ಪದ್ಧತಿಯಲ್ಲಿ ಏರಿದ ಪ್ರೆಶರನ್ನು ಬೇಗ ಇಳಿಸಲು ದಾರಿಯಿಲ್ಲ. ಆಕ್ಸಿಲೇಟರ್ ಬಿಟ್ಟಾಗ ಇಂಜೆಕ್ಟರಿನ ಸಹಜ ಸೋರಿಕೆಯಿಂದಲೇ ಇಳಿಯಬೇಕು. ಎಲ್ಲ ತಪ್ಪಿ ಪ್ರೆಶರ್ ಮಿತಿಮೀರಿದರೆ ರೈಲಿನ ತುದಿಯಲ್ಲಿರುವ ಲಿಮಿಟರ್ ವಾಲ್ವ್ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ.

ಮೂರನೆಯದರಲ್ಲಿ ಎರಡೂ ಇವೆ, ಪಂಪಿನಲ್ಲಿ ಮೀಟರಿಂಗ್ ವಾಲ್ವ್, ರೈಲಿನಲ್ಲಿ ಕಂಟ್ರೋಲ್ ವಾಲ್ವ್. ಎಂಜಿನ್ ತಣ್ಣಗಿರುವಾಗ ರೈಲಿನ ವಾಲ್ವ್ ಹಿಡಿತ ಇಟ್ಟುಕೊಂಡು ಡೀಸೆಲನ್ನು ಬೇಗ ಬಿಸಿ ಮಾಡುತ್ತದೆ. ಓಡುವಾಗ ಮೀಟರಿಂಗ್ ವಾಲ್ವ್ ಕೆಲಸ ಮಾಡುತ್ತದೆ. ಆಕ್ಸಿಲೇಟರ್ ಬಿಟ್ಟಾಗ ಮತ್ತೆ ರೈಲಿನ ವಾಲ್ವ್ ತೆರೆದು ಪ್ರೆಶರ್ ಇಳಿಸುತ್ತದೆ.

ಇಸಿಯು ಒಳಗೆ ನಡೆಯುವುದು ಇಷ್ಟು: ಆರ್‌ಪಿಎಂ ಮತ್ತು ಲೋಡ್ ನೋಡಿ ಎಷ್ಟು ಬಾರ್ ಬೇಕೆಂದು ತನ್ನ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ, ಸೆನ್ಸರ್ ಹೇಳಿದ್ದನ್ನು ಅದರ ಜೊತೆ ಹೋಲಿಸುತ್ತದೆ, ಕೊರತೆ ಇದ್ದಷ್ಟು ವಾಲ್ವಿನ ಕರೆಂಟ್ ತಿದ್ದುತ್ತದೆ. ತಿದ್ದುವುದಕ್ಕೂ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೂ ಬೇಕಾದ ಪ್ರೆಶರ್ ಸಿಗದಿದ್ದರೆ ಕೋಡ್ ಬರೆದು, ಗಾಡಿಯನ್ನು ಶಕ್ತಿ ತಗ್ಗಿಸಿ ಓಡಿಸುವ ಲಿಂಪ್ ಮೋಡ್‌ಗೆ ತಳ್ಳುತ್ತದೆ. ಹಾಗಾಗಿ ಕೋಡ್ ಬರುವ ಎಷ್ಟೋ ದಿನ ಮೊದಲೇ ಕಾಯಿಲೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಅಂಕಿಗಳಲ್ಲಿ, ಕಾಣುತ್ತಿರುತ್ತದೆ. ಐಡಲ್‌ನಲ್ಲಿ ಮೀಟರಿಂಗ್ ವಾಲ್ವ್ ಮೊದಲಿಗಿಂತ ಹೆಚ್ಚು ತೆರೆದುಕೊಂಡಿದ್ದರೆ ಎಲ್ಲೋ ಸೋರಿಕೆ ಹೆಚ್ಚಾಗಿದೆ, ಇಸಿಯು ಅದನ್ನು ಮುಚ್ಚಿಹಾಕುತ್ತಿದೆ ಎಂದೇ ಅರ್ಥ.

ಕೈ ಹಾಕುವ ಮೊದಲು

ಹಳೇ ಡೀಸೆಲ್ ಗಾಡಿಯಲ್ಲಿ ಏರ್ ಹಿಡಿದರೆ ಎಂಜಿನ್ ತಿರುಗುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವುದು ಎಲ್ಲರಿಗೂ ರೂಢಿ. ಕಾಮನ್ ರೈಲ್‌ನಲ್ಲಿ ಆ ಕೆಲಸ ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿಂದ ಹಾರುವ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಚುಕ್ಕೆ, ನೋವೂ ಮೊದಲಿಗೆ ಕಡಿಮೆ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಬೆರಳು ಕಳೆದುಕೊಂಡವರಿದ್ದಾರೆ. ಹಾಗೇನಾದರೂ ಆದರೆ ಅರಿಶಿನ ಮೆತ್ತಿಕೊಂಡು ಕೂರದೆ, ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ, ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿ.

ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ಸೊನ್ನೆಗೆ ಇಳಿದಿದೆ ಎಂದು ನೋಡಿದ ಮೇಲೆ ಪಾನಾ ಹಿಡಿಯಿರಿ. ಸೋರಿಕೆ ಹುಡುಕಲು ಕೈ ಸವರಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಂಜಿನ್ ಓಡುವಾಗ ಇಂಜೆಕ್ಟರಿನ ವೈರ್ ಮುಟ್ಟಬೇಡಿ, ಅದರಲ್ಲಿ ಬ್ಯಾಟರಿಯ 12 ವೋಲ್ಟ್ ಅಲ್ಲ, ಅದರ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಇನ್ನೊಂದು ಸ್ವಚ್ಛತೆ. ಪಂಪಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್. ಕಬ್ಬಿನ ಗದ್ದೆಯಿಂದ ಬಂದ ಟ್ರ್ಯಾಕ್ಟರಿನ ಪೈಪನ್ನು ಧೂಳಿನ ಸಮೇತ ಬಿಚ್ಚಿದರೆ ರಿಪೇರಿಯೇ ರೋಗವಾಗುತ್ತದೆ. ಮೊದಲು ತೊಳೆದು ಗಾಳಿ ಹೊಡೆದು ಒಣಗಿಸಿ, ಆಮೇಲೆ ಬಿಚ್ಚಿ, ಬಿಚ್ಚಿದ ಪ್ರತಿ ಬಾಯಿಗೂ ತಕ್ಷಣ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ನೂಲು ಬಿಡುವ ವೇಸ್ಟ್ ಬಟ್ಟೆ ಈ ಕೆಲಸಕ್ಕೆ ಬೇಡವೇ ಬೇಡ.

ಪಾನಾಕ್ಕಿಂತ ಮೊದಲು ಸ್ಕ್ಯಾನರ್

ನಾಲ್ಕು ಅಂಕಿ ತೆರೆದಿಟ್ಟುಕೊಳ್ಳಿ: ಇಸಿಯು ಕೇಳುತ್ತಿರುವ ಪ್ರೆಶರ್, ನಿಜವಾಗಿ ಇರುವ ಪ್ರೆಶರ್, ವಾಲ್ವಿನ ಡ್ಯೂಟಿ (ಕರೆಂಟ್ ಕೊಡುವ ಪಾಲು) ಅಥವಾ ಕರೆಂಟ್, ಎಂಜಿನ್ ಆರ್‌ಪಿಎಂ.

ರಾತ್ರಿಯೆಲ್ಲ ನಿಂತ ಗಾಡಿಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಪ್ರೆಶರ್ ಸೊನ್ನೆಯ ಹತ್ತಿರ ಇರಬೇಕು. 60, 100 ಎಂದೆಲ್ಲ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ಸುಳ್ಳು ಹೇಳುತ್ತಿದೆ, ಮುಂದಿನ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಸೆನ್ಸರಿಗೆ ಮೂರು ವೈರ್: 5 ವೋಲ್ಟ್ ಸಪ್ಲೈ, ಅರ್ಥ್, ಸಿಗ್ನಲ್. ಪ್ರೆಶರ್ ಸೊನ್ನೆ ಇದ್ದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಸೆನ್ಸರಿನ ಗರಿಷ್ಠ ಪ್ರೆಶರಿಗೆ ಸುಮಾರು 4.5 ವೋಲ್ಟ್. 1800 ಬಾರ್ ಸೆನ್ಸರ್ ಆದರೆ 300 ಬಾರ್‌ಗೆ ಸುಮಾರು 1.17 ವೋಲ್ಟ್ ಬರಬೇಕು, ಲೆಕ್ಕ ಸರಳ. ಮಲ್ಟಿಮೀಟರಿನ ವೋಲ್ಟೂ ಸ್ಕ್ಯಾನರಿನ ಬಾರೂ ಈ ಲೆಕ್ಕಕ್ಕೆ ಹೊಂದಬೇಕು. ಅರ್ಥ್ ವೈರ್ ತುಕ್ಕು ಹಿಡಿದರೆ ಸಿಗ್ನಲ್ ವೋಲ್ಟೇಜ್ ಮೇಲೆ ಹೋಗುತ್ತದೆ, ಇಲ್ಲದ ಪ್ರೆಶರ್ ಇದ್ದಂತೆ ಕಾಣುತ್ತದೆ, ಇಸಿಯು ಇರುವುದನ್ನೂ ಇಳಿಸುತ್ತದೆ.

ಈಗ ಸೆಲ್ಫ್ ಹೊಡೆಯಿರಿ. ಆರ್‌ಪಿಎಂ 200ರ ಆಸುಪಾಸು ಬರುತ್ತಿದೆಯೇ ನೋಡಿ. ಬ್ಯಾಟರಿ ಬಡವಾಗಿ 120ರಲ್ಲಿ ಉರುಳುತ್ತಿದ್ದರೆ ಪಂಪ್ ಎಷ್ಟು ಚೆನ್ನಾಗಿದ್ದರೂ ಪ್ರೆಶರ್ ಕಟ್ಟುವುದಿಲ್ಲ. ಆರ್‌ಪಿಎಂ ಸರಿಯಿದ್ದು ಎರಡು ಮೂರು ಸೆಕೆಂಡಿನಲ್ಲಿ 200 ಬಾರ್ ದಾಟಿದರೆ ರೈಲ್ ಪ್ರೆಶರ್ ತಪ್ಪಿತಸ್ಥನಲ್ಲ. ದಾಟದಿದ್ದರೆ ಮುಂದಿನ ಕೆಲಸಕ್ಕೆ ಇಳಿಯಿರಿ.

ಓಡುವ ಗಾಡಿಯಾದರೆ ಐಡಲ್‌ನಲ್ಲಿ ಕೇಳಿದ್ದಕ್ಕೂ ಇರುವುದಕ್ಕೂ 20–30 ಬಾರ್ ಒಳಗಿನ ವ್ಯತ್ಯಾಸ ಸಹಜ. ಆಮೇಲೆ ಲೋಡ್ ಕೊಟ್ಟು ನೋಡಬೇಕು. ನಿಂತಲ್ಲಿ ರೇಸ್ ಕೊಡುವುದು ಲೋಡ್ ಅಲ್ಲ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಏರು ಇದೆ. ಬೆಳಗಿನ ಜಾವ, ಜನ ಇಲ್ಲದ ಹೊತ್ತಿನಲ್ಲಿ ಮೂರನೇ ಗೇರಿನಲ್ಲಿ ಒಂದೇ ಸಮನೆ ಏರಿಸಿ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಲೈವ್ ಡೇಟಾ ರೆಕಾರ್ಡ್ ಮಾಡಲಿ. ಆಷಾಢ ಶುಕ್ರವಾರ, ರಜಾ ದಿನ ಆ ದಾರಿ ಬೇಡ. ಗಾಡಿ ಓಡಿಸುವವರು ಸ್ಕ್ಯಾನರ್ ನೋಡುವುದೂ ಬೇಡ. ಕೇಳಿದ ಗೆರೆ 1400ಕ್ಕೆ ಏರಿದಾಗ ನಿಜವಾದ ಗೆರೆ 900ಕ್ಕೇ ನಿಂತು, ಮೀಟರಿಂಗ್ ವಾಲ್ವ್ ಪೂರ್ತಿ ತೆರೆದಿದ್ದರೆ ಒಳಹರಿವು ಸಾಲುತ್ತಿಲ್ಲ ಅಥವಾ ಸೋರಿಕೆ ಮಿತಿಮೀರಿದೆ ಎಂದು ಖಚಿತ.

ಲೋ ಪ್ರೆಶರ್ ಕಡೆ: ಇಲ್ಲಿಂದಲೇ ಶುರು

ಅಗ್ಗದ ಕಡೆಯಿಂದ ಹುಡುಕಬೇಕು ಎಂಬುದಕ್ಕೆ ದುಡ್ಡು ಉಳಿಸುವುದೊಂದೇ ಕಾರಣವಲ್ಲ. ಲೋ ಪ್ರೆಶರ್ ಕಡೆ ಸರಿಯಿಲ್ಲದೆ ಹೈ ಪ್ರೆಶರ್ ಕಡೆ ಮಾಡಿದ ಯಾವ ಪರೀಕ್ಷೆಗೂ ಬೆಲೆ ಇಲ್ಲ.

ಫಿಲ್ಟರ್ ಕಟ್ಟಿಕೊಂಡಿದ್ದರೆ ಐಡಲ್ ಚೆನ್ನಾಗಿರುತ್ತದೆ, ಹೆಚ್ಚು ಆರ್‌ಪಿಎಂನಲ್ಲಿ ಲೋಡ್ ಬಿದ್ದಾಗ ಪ್ರೆಶರ್ ಕುಸಿಯುತ್ತದೆ. ಗಾಳಿ ಎಳೆದುಕೊಳ್ಳುತ್ತಿದ್ದರೆ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಐಡಲ್‌ನಲ್ಲಿ ಪ್ರೆಶರ್ ಗೆರೆ ಅಲುಗಾಟ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಅರ್ಧ ಅಡಿ ಪಾರದರ್ಶಕ ಪೈಪ್ ಹಾಕಿ ನೋಡಿ. ಮೊದಲ ಕ್ಷಣ ನಾಲ್ಕಾರು ಗುಳ್ಳೆ ಬಂದು ನಿಂತರೆ ತೊಂದರೆಯಿಲ್ಲ. ಸೋಡಾ ಬಾಟಲಿಯಂತೆ ಬರುತ್ತಲೇ ಇದ್ದರೆ ಟ್ಯಾಂಕಿನಿಂದ ಫಿಲ್ಟರಿನವರೆಗೆ ಪ್ರತಿ ಜಾಯಿಂಟ್ ನೋಡಿ: ಫಿಲ್ಟರ್ ಹೆಡ್ಡಿನ ಓ ರಿಂಗ್, ನೀರು ಬಿಡುವ ಡ್ರೈನ್ ಸ್ಕ್ರೂ, ಪ್ರೈಮರ್ ಪಂಪಿನ ಬುಡ, ಇಲಿ ಕಡಿದ ಪೈಪ್. ಎಳೆಯುವ ಕಡೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ನೆಲದ ಮೇಲೆ ಹನಿ ಇಲ್ಲ ಎಂದು ಸಮಾಧಾನಪಡಬೇಡಿ.

ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಲ್ಲಿ ಗೇಜ್ ಹಾಕಿದರೆ ಸಾಮಾನ್ಯವಾಗಿ 3ರಿಂದ 5 ಬಾರ್ ಬರಬೇಕು. ಹೈ ಪ್ರೆಶರ್ ಪಂಪಿನಲ್ಲೇ ಗೇರ್ ಪಂಪ್ ಇದ್ದು ಟ್ಯಾಂಕಿನಿಂದ ಎಳೆದುಕೊಳ್ಳುವ ಬಗೆಯಾದರೆ ಅಲ್ಲಿ ಹಾಕಬೇಕಾದದ್ದು ವ್ಯಾಕ್ಯೂಮ್ ಗೇಜ್. ಹೊಸ ಫಿಲ್ಟರಿನೊಂದಿಗೆ ಬಂದದ್ದಕ್ಕಿಂತ ಎಳೆತ ತುಂಬ ಹೆಚ್ಚಿದ್ದರೆ ಅಡ್ಡಿ ಫಿಲ್ಟರಿನಲ್ಲೋ ಟ್ಯಾಂಕಿನ ಜಾಲರಿಯಲ್ಲೋ ಇದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿ ಗಾಡಿ ಸರಿಯಾದರೆ ಮುಚ್ಚಳದ ವೆಂಟ್ ಕಟ್ಟಿಕೊಂಡಿದೆ, ಅಷ್ಟೇ.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಟ್ರ್ಯಾಕ್ಟರಿಗೆ ಕ್ಯಾನಿನಲ್ಲಿ ಡೀಸೆಲ್ ತಂದು ಇಟ್ಟುಕೊಳ್ಳುವುದು ಬಹಳ. ಕಬ್ಬು ಕಡಿಯುವ ಕಾಲದಲ್ಲಿ ಕಾರ್ಖಾನೆ ಮುಂದೆ ಸಾಲು ನಿಂತಾಗ ಬಂಕಿಗೆ ಹೋಗಿ ಬರಲು ಆಗುವುದಿಲ್ಲ, ಅರ್ಥವಾಗುತ್ತದೆ. ಆದರೆ ಅರ್ಧ ತುಂಬಿದ ಕ್ಯಾನಿನಲ್ಲಿ ರಾತ್ರಿ ತಂಪಿಗೆ ತೇವ ನೀರಾಗಿ ತಳ ಸೇರುತ್ತದೆ. ಹಳೇ ಇನ್‌ಲೈನ್ ಪಂಪಿನ ಟ್ರ್ಯಾಕ್ಟರ್ ಅದನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು. 2023ರಿಂದ 50 ಎಚ್‌ಪಿ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ಮಿತಿಯ ನಿಯಮ ಬಂದ ಮೇಲೆ ಅವುಗಳಲ್ಲೂ ಕಾಮನ್ ರೈಲ್ ಸೇರಿಕೊಂಡಿದೆ, ಅದಕ್ಕೆ ನೀರು ವಿಷ. ಪಂಪನ್ನು ಒಳಗಿನಿಂದ ನಯವಾಗಿಡುವುದು ಡೀಸೆಲ್ಲೇ; ನೀರಿಗೆ ಆ ಜಿಡ್ಡಿಲ್ಲ. ಕ್ಯಾನನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ತಳದ ಒಂದೆರಡು ಲೀಟರ್ ಬಿಟ್ಟು ಮೇಲಿನದನ್ನು ಮಾತ್ರ ಸೋಸಿ ಹಾಕಿ. ಫಿಲ್ಟರಿನ ನೀರನ್ನು ಸೀಸನ್‌ನಲ್ಲಿ ವಾರಕ್ಕೊಮ್ಮೆ ಬಿಡಿ. ಸೀಮೆಎಣ್ಣೆ ಬೆರಕೆ ಬೇಡ, ಅದೂ ಡೀಸೆಲಿನ ಅದೇ ಜಿಡ್ಡನ್ನು ಕೊಲ್ಲುತ್ತದೆ.

ರಿಟರ್ನ್ ಬಾಟಲಿ ಪರೀಕ್ಷೆ

ಇಡೀ ಹುಡುಕಾಟದಲ್ಲಿ ಅತ್ಯಂತ ಉಪಯೋಗದ ಪರೀಕ್ಷೆ ಇದು. ಬೇಕಾದದ್ದು ಒಂದೇ ಅಳತೆಯ ನಾಲ್ಕು ಸಣ್ಣ ಬಾಟಲಿ, ಇಂಜೆಕ್ಟರಿನ ರಿಟರ್ನ್ ಮೂತಿಗೆ ಕೂರುವ ಪಾರದರ್ಶಕ ಪೈಪ್. ಪ್ರತಿ ಇಂಜೆಕ್ಟರಿನ ರಿಟರ್ನ್ ಕ್ಲಿಪ್ ತೆಗೆದು ಪೈಪ್ ಸಿಕ್ಕಿಸಿ ಬಾಟಲಿಗೆ ಬಿಡಿ. ಗಾಡಿಯ ಕಡೆಯ ರಿಟರ್ನ್ ಪೈಪಿನ ತೆರೆದ ಬಾಯಿಗಳಿಗೆ ಬಿರಡೆ ಹಾಕಿ, ಆದರೆ ಪಂಪಿನಿಂದ ಟ್ಯಾಂಕಿಗೆ ಹೋಗುವ ರಿಟರ್ನನ್ನು ಮಾತ್ರ ಮುಚ್ಚಬೇಡಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಎರಡು ನಿಮಿಷ ಬಿಡಿ. ತಣ್ಣಗಿರುವಾಗ ಡೀಸೆಲ್ ದಪ್ಪ, ಸವೆದ ಸಂದಿನಲ್ಲೂ ಕಡಿಮೆ ಸೋರುತ್ತದೆ.

ನೋಡಬೇಕಾದದ್ದು ಒಟ್ಟು ಮಿಲಿ ಅಲ್ಲ, ಒಂದಕ್ಕೊಂದರ ಹೋಲಿಕೆ. ಮೂರರಲ್ಲಿ 10–12 ಮಿಲಿ ಬಂದು ಒಂದರಲ್ಲಿ 35 ಬಂದರೆ ಕಳ್ಳ ಸಿಕ್ಕಿದ. ನಾಲ್ಕರಲ್ಲೂ ಸಮನಾಗಿ ಹೆಚ್ಚು ಬಂದರೆ ಆ ಇಂಜೆಕ್ಟರಿಗೆ ಕಂಪನಿ ಕೊಟ್ಟ ಮಿತಿಯೊಂದಿಗೆ ಹೋಲಿಸಿ, ನಾಲ್ಕೂ ಒಟ್ಟಿಗೆ ಸವೆದಿರಬಹುದು. ಸ್ಟಾರ್ಟೇ ಆಗದ ಗಾಡಿಯಲ್ಲಿ ಸೆಲ್ಫ್ ಹೊಡೆದು ನೋಡಿ: ಸರಿಯಿರುವ ಇಂಜೆಕ್ಟರ್ ಹನಿ ಹನಿ ಬಿಡುತ್ತದೆ, ಕೆಟ್ಟದ್ದು ಧಾರೆಯಾಗಿ ಬಿಡುತ್ತದೆ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಆಗಿ, ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯದ, ಅರ್ಧ ಗಂಟೆ ಬಾನೆಟ್ ತೆಗೆದಿಟ್ಟರೆ ಹಿಡಿಯುವ ಗಾಡಿಯಲ್ಲಿ ಹೆಚ್ಚಾಗಿ ಸಿಗುವುದು ಈ ಸೋರಿಕೆಯೇ.

ಒಂದು ಎಚ್ಚರಿಕೆ. ಬಾಷ್‌ನ ಪೀಜೋ ಇಂಜೆಕ್ಟರುಗಳಿಗೆ ರಿಟರ್ನ್ ಲೈನಿನಲ್ಲೇ ಸುಮಾರು 10 ಬಾರ್ ಪ್ರೆಶರ್ ಇರಬೇಕು, ಇಲ್ಲದಿದ್ದರೆ ಅವು ಸರಿಯಾಗಿ ತೆರೆಯುವುದೇ ಇಲ್ಲ. ಅವಕ್ಕೆ ಈ ಬಾಟಲಿ ಪರೀಕ್ಷೆ ಹೊಂದುವುದಿಲ್ಲ, ಅವುಗಳ ಕಿಟ್ ಬೇರೆ.

ಇಂಜೆಕ್ಟರ್ ಸುತ್ತ ಕಪ್ಪು ಡಾಂಬರಿನಂಥದ್ದು ಕಟ್ಟಿಕೊಂಡಿರುವುದನ್ನು ತೋರಿಸಿ "ಲೀಕ್ ಇದೆ" ಎನ್ನುವವರಿದ್ದಾರೆ. ಅದು ಬುಡದ ತಾಮ್ರದ ವಾಷರ್ ಹೋಗಿ ಸಿಲಿಂಡರಿನ ಗ್ಯಾಸ್ ಮೇಲೆ ಬರುತ್ತಿರುವ ಗುರುತು. ಸರಿ ಮಾಡಲೇಬೇಕು, ಆದರೆ ರೈಲ್ ಪ್ರೆಶರಿಗೂ ಅದಕ್ಕೂ ಸಂಬಂಧವಿಲ್ಲ.

ವಾಲ್ವುಗಳು

ಇಂಜೆಕ್ಟರುಗಳು ತಪ್ಪಿಲ್ಲ ಎಂದಾದರೆ ರೈಲಿನ ತುದಿಯ ವಾಲ್ವಿನ ರಿಟರ್ನ್ ಪೈಪ್ ಬಿಚ್ಚಿ ಬಾಟಲಿಗೆ ಬಿಡಿ. ಲಿಮಿಟರ್ ಆದರೆ ಒಂದು ಹನಿಯೂ ಬರಬಾರದು. ಅದು ಒಮ್ಮೆ ಜೋರಾಗಿ ತೆರೆದುಕೊಂಡ ಮೇಲೆ ಕೂರುವ ಜಾಗ ಗೀರಿ ಮತ್ತೆ ಪೂರ್ತಿ ಮುಚ್ಚದೇ ಇರಬಹುದು. ಪ್ರೆಶರ್ ಕಂಟ್ರೋಲ್ ವಾಲ್ವ್ ಆದರೆ ಸೆಲ್ಫ್ ಹೊಡೆಯುವಾಗ ಇಸಿಯು ಅದಕ್ಕೆ ಕರೆಂಟ್ ಕೊಟ್ಟು ಮುಚ್ಚಿರುತ್ತದೆ, ಆಗ ಧಾರೆ ಬಂದರೆ ವಾಲ್ವ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಕಾಯಿಲ್ ರೆಸಿಸ್ಟೆನ್ಸ್ ಸಾಮಾನ್ಯವಾಗಿ 2ರಿಂದ 5 ಓಮ್ ಒಳಗೆ. ಇಷ್ಟು ಸಣ್ಣ ಅಳತೆಯಲ್ಲಿ ಮೀಟರಿನ ಎರಡು ಪ್ರೋಬ್ ತಾಗಿಸಿದಾಗ ಬರುವುದನ್ನು ಕಳೆಯಲು ಮರೆಯಬೇಡಿ. ಕಾಯಿಲ್ ಸರಿಯಿದ್ದೂ ಒಳಗಿನ ಪಿಸ್ಟನ್ ಸಿಕ್ಕಿಹಾಕಿಕೊಂಡಿರಬಹುದು, ಓಮ್ ಅದನ್ನು ಹೇಳುವುದಿಲ್ಲ.

ಮೀಟರಿಂಗ್ ವಾಲ್ವ್ ಅಂಟಿಕೊಳ್ಳುತ್ತಿದ್ದರೆ ಐಡಲ್ ಏರಿಳಿಯುತ್ತದೆ. ಸಿಗ್ನಲ್ ಹತ್ತಿರ ಕ್ಲಚ್ ಒತ್ತಿದಾಗ ಎಂಜಿನ್ ನಿಂತೇ ಹೋಗುತ್ತದೆ, ಒಮ್ಮೆ ಪಿ0087, ಇನ್ನೊಮ್ಮೆ ಪಿ0088 (ಪ್ರೆಶರ್ ಹೆಚ್ಚು) ಬರುತ್ತದೆ. ಪ್ರೆಶರ್ ಗೆರೆ ಕೇಳಿದ್ದರ ಮೇಲೆ ಕೆಳಗೆ ಅಲೆಯಂತೆ ಓಡಾಡುತ್ತದೆ. ತೊಳೆದರೆ ಕೆಲವು ದಿನ ಸರಿಯಾಗುತ್ತದೆ. ಅದು ಪರಿಹಾರವಲ್ಲ, ಗುರುತು ಮಾತ್ರ. ಬಿಚ್ಚಿದಾಗ ಅದರ ಜಾಲರಿ ಮತ್ತು ಗೂಡನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಪಂಪ್ ಒಳಗೆ ತಿನ್ನುತ್ತಿದೆ. ಹೊಸ ವಾಲ್ವಿನ ಓ ರಿಂಗಿಗೆ ಶುದ್ಧ ಡೀಸೆಲ್ ಸವರಿ, ಸಣ್ಣ ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ, ಮ್ಯಾನುಯಲ್ ಹೇಳಿದ ಟಾರ್ಕಿಗೆ ಮಾತ್ರ ಬಿಗಿಯಿರಿ. ಹಲವು ಗಾಡಿಗಳಲ್ಲಿ, ಡೆನ್ಸೋ ಪಂಪ್ ಇದ್ದರಂತೂ, ಸ್ಕ್ಯಾನರಿನಿಂದ ಹೊಸ ವಾಲ್ವನ್ನು ಇಸಿಯುಗೆ ಕಲಿಸಬೇಕು.

ಕೊನೆಯಲ್ಲಿ ಪಂಪ್

ಇಷ್ಟಾದ ಮೇಲೂ ಪ್ರೆಶರ್ ಕಟ್ಟದಿದ್ದರೆ ರೈಲಿನ ಇಂಜೆಕ್ಟರ್ ಬಾಯಿಗಳಿಗೆ ಆ ಕೆಲಸಕ್ಕೆಂದೇ ಇರುವ ಉಕ್ಕಿನ ಕ್ಯಾಪ್ ಹಾಕಿ ಸೆಲ್ಫ್ ಹೊಡೆಯುವ ಪರೀಕ್ಷೆ ಇದೆ. ಒಂದೊಂದೇ ಬಾಯಿ ಮುಚ್ಚುತ್ತಾ ಹೋದರೆ ಯಾವುದನ್ನು ಮುಚ್ಚಿದಾಗ ಪ್ರೆಶರ್ ಏರಿತೋ ಸೋರಿಕೆ ಆ ಇಂಜೆಕ್ಟರಿನಲ್ಲಿದೆ. ಎಲ್ಲ ಮುಚ್ಚಿ, ರೈಲಿನ ವಾಲ್ವೂ ಸೋರುತ್ತಿಲ್ಲ ಎಂದು ಖಚಿತವಾಗಿದ್ದೂ ಪ್ರೆಶರ್ ಏರದಿದ್ದರೆ, ಆಗ ಪಂಪ್ ಎನ್ನಬಹುದು. ಬೋಲ್ಟ್ ತುಂಡು, ಬೆಸುಗೆ ಹಾಕಿದ ಪೈಪ್ ತುಂಡುಗಳನ್ನು ಕ್ಯಾಪ್ ಮಾಡಿಕೊಳ್ಳಬೇಡಿ. ಅದು ಹಾರಿದರೆ ಗುಂಡಿನ ಹಾಗೆ.

ಪಂಪ್ ಪುಡಿ ಬಿಟ್ಟಿದ್ದರೆ ಪಂಪ್ ಒಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ. ಆ ಪುಡಿ ರೈಲ್, ಪೈಪ್, ಇಂಜೆಕ್ಟರ್ ಎಲ್ಲಕ್ಕೂ ಹೋಗಿ, ರಿಟರ್ನ್ ಮೂಲಕ ಟ್ಯಾಂಕಿಗೂ ಸೇರಿರುತ್ತದೆ. ಹೊಸ ಪಂಪ್ ಅದನ್ನೇ ಕುಡಿಯುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್, ಪೈಪ್, ರೈಲ್, ಇಂಜೆಕ್ಟರ್ ಎಲ್ಲ ಬದಲಿಸಬೇಕು. ಖರ್ಚು ನೋವಾಗುವಷ್ಟು ದೊಡ್ಡದು, ಆದರೂ ಎರಡು ಸಲ ಮಾಡುವುದಕ್ಕಿಂತ ವಾಸಿ. ಬಂಕಿನಲ್ಲಿ ಡೀಸೆಲ್ ಬದಲು ಪೆಟ್ರೋಲ್ ತುಂಬಿಸಿದಾಗ ಕೀಯನ್ನು ಆನ್ ಕೂಡ ಮಾಡದೆ ಗಾಡಿ ತಳ್ಳಿ ಎನ್ನುವುದು ಇದಕ್ಕೇ: ಕೀ ಆನ್ ಆದರೆ ಟ್ಯಾಂಕಿನ ಪಂಪ್ ಪೆಟ್ರೋಲನ್ನು ಮುಂದೆ ದೂಡುತ್ತದೆ.

ಪ್ರೆಶರ್ ಹೆಚ್ಚಾದರೆ

ಪಿ0088 ಬರುವುದು ಕಡಿಮೆ. ಬಂದರೆ ನೋಡಬೇಕಾದದ್ದು ಸೆನ್ಸರ್, ಅಂಟಿಕೊಂಡ ಮೀಟರಿಂಗ್ ವಾಲ್ವ್, ಮಡಚಿಕೊಂಡ ರಿಟರ್ನ್ ಪೈಪ್. ಕ್ಲಚ್ ಕೆಲಸವೋ ಗೇರ್ ಬಾಕ್ಸ್ ಕೆಲಸವೋ ಆದ ಮಾರನೇ ದಿನವೇ ಬಂದರೆ ರಿಟರ್ನ್ ಪೈಪ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಮೊದಲು ಅದನ್ನೇ ನೋಡಿ.

ಪಿಕಪ್ ಹೆಚ್ಚಿಸುವ ಡಬ್ಬಿ ಎಂದು ರೈಲ್ ಸೆನ್ಸರಿನ ಕಪ್ಲರಿಗೆ ಸಿಕ್ಕಿಸುವ ಬಾಕ್ಸ್ ಮಾರುತ್ತಾರೆ. ಅದು ಮಾಡುವುದು ಒಂದೇ ಕೆಲಸ: ಇರುವ ಪ್ರೆಶರಿಗಿಂತ ಕಡಿಮೆ ಎಂದು ಇಸಿಯುಗೆ ಸುಳ್ಳು ಹೇಳುವುದು. ಇಸಿಯು ನಂಬಿ ಪ್ರೆಶರ್ ಏರಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಎಳೆಯುತ್ತದೆ. ಲಿಮಿಟರ್, ಇಂಜೆಕ್ಟರ್, ಪಂಪ್ ಮೂರೂ ತಮ್ಮ ಮಿತಿಯ ಅಂಚಿನಲ್ಲಿ ದಿನವೂ ದುಡಿಯುತ್ತವೆ. ಹುಡುಕಾಟ ಶುರುಮಾಡುವ ಮೊದಲು ಅಂಥ ಡಬ್ಬಿ ಇದ್ದರೆ ಕಿತ್ತು ಪಕ್ಕಕ್ಕಿಡಿ, ಇಲ್ಲದಿದ್ದರೆ ಲೈವ್ ಡೇಟಾದ ಒಂದು ಅಂಕಿಯೂ ನಿಜವಲ್ಲ.

ಜೋಡಿಸಿದ ಮೇಲೆ

ಬಿಚ್ಚಿದ ಹೈ ಪ್ರೆಶರ್ ಪೈಪನ್ನು ಮತ್ತೆ ಹಾಕಬಾರದು ಎಂದು ಹಲವು ಕಂಪನಿಗಳು ಹೇಳುತ್ತವೆ, ಅದರ ತುದಿಯ ಶಂಕು ಒಮ್ಮೆ ಒತ್ತಿ ಕೂತರೆ ಇನ್ನೊಂದು ಕಡೆ ಹಾಗೆಯೇ ಕೂರುವುದಿಲ್ಲ. ಎರಡೂ ತುದಿಯ ನಟ್ಟನ್ನು ಕೈಯಲ್ಲಿ ಹಿಡಿಸಿ, ಆಮೇಲೆ ಟಾರ್ಕ್ ಪಾನಾದಲ್ಲಿ ಬಿಗಿಯಿರಿ. ಸೋರಿದರೆ ಇನ್ನಷ್ಟು ಬಿಗಿಯುವುದಲ್ಲ, ಬಿಚ್ಚಿ ಕಸ ನೋಡಿ. ಹೊಸ ಇಂಜೆಕ್ಟರ್ ಹಾಕಿದ್ದರೆ ಅದರ ತಲೆಯ ಮೇಲಿನ ಕೋಡನ್ನು ಆಯಾ ಸಿಲಿಂಡರಿಗೆ ಸ್ಕ್ಯಾನರಿನಲ್ಲಿ ಬರೆಯಿರಿ.

ಏರ್ ತೆಗೆಯುವುದೆಲ್ಲ ಲೋ ಪ್ರೆಶರ್ ಕಡೆ ಮಾತ್ರ. ಕೈ ಪ್ರೈಮರ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಎಲೆಕ್ಟ್ರಿಕ್ ಪಂಪ್ ಆದರೆ ಹತ್ತು ಸೆಕೆಂಡ್ ಕೀ ಆನ್, ಆಫ್, ಮತ್ತೆ ಆನ್, ಹೀಗೆ ನಾಲ್ಕೈದು ಸಲ. ಪಂಪಿಗೆ ಡೀಸೆಲ್ ಮುಟ್ಟುವ ಮೊದಲೇ ಸೆಲ್ಫ್ ಹೊಡೆದರೆ ಹೊಸ ಪಂಪ್ ಒಣಗಿ ಉಜ್ಜಿಕೊಳ್ಳುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಹಿಡಿಯದಿದ್ದರೆ ಈಥರ್ ಸ್ಪ್ರೇ ಹೊಡೆಯಬೇಡಿ, ಗ್ಲೋ ಪ್ಲಗ್ ಕೆಂಪಾಗಿರುವ ಎಂಜಿನ್ನಿನಲ್ಲಿ ಅದು ಸ್ಫೋಟಿಸುತ್ತದೆ.

ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿ, ಒರೆಸಿದ ಜಾಯಿಂಟುಗಳಲ್ಲಿ ಹೊಸ ತೇವ ಇದೆಯೇ ನೋಡಿ. ಕೋಡ್ ಅಳಿಸಿ, ಮೊದಲು ಏರಿಸಿದ ಅದೇ ಏರನ್ನು ಅದೇ ಗೇರಿನಲ್ಲಿ ಮತ್ತೆ ಏರಿಸಿ, ಹಳೇ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ನೋಡಿ. ಬಿಸಿ ಎಂಜಿನ್ನಿನ ಐಡಲ್ ಪ್ರೆಶರ್, ಆಗಿನ ವಾಲ್ವ್ ಡ್ಯೂಟಿ, ಸೆಲ್ಫ್ ಹೊಡೆದಾಗ 200 ಬಾರ್ ಮುಟ್ಟಲು ಹಿಡಿದ ಸೆಕೆಂಡ್, ಕಿಲೋಮೀಟರ್ ರೀಡಿಂಗ್, ತಾರೀಖು: ಇಷ್ಟನ್ನು ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಮುಂದಿನ ಫಿಲ್ಟರ್ ಬದಲಿಸುವ ದಿನ ಅದೇ ಅಂಕಿಗಳನ್ನು ಮತ್ತೆ ಅಳೆದು ಕೆಳಗಿನ ಸಾಲಿನಲ್ಲಿ ಬರೆಯಿರಿ.